ತನುವಿನ ಬೇನೆಯಲ್ಲಿ ಮನದ ಕುರುಹು

ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯು ಮಡಿವಾಳ ಮಾಚಿದೇವರ ಜನ್ಮಭೂಮಿಯೆಂದು ಶರಣಚರಿತ್ರೆಯಲ್ಲಿ ಪ್ರಸಿದ್ಧವಾದುದು. ಹಿಂದೆ ಸಿಂದಗಿ ತಾಲೂಕಿಗೆ ಸೇರಿದ್ದ ಈ ಊರು ಇಂದು ತಾನೇ ಒಂದು ತಾಲೂಕಿನ ಕೇಂದ್ರವಾಗಿರುವುದು. ಹನ್ನೆರಡನೆಯ ಶತಮಾನದಲ್ಲಿ ಈ ನೆಲದಿಂದ ಕಲ್ಯಾಣಕ್ಕೆ ನಡೆದ ಮಾಚಿದೇವರು ಶರಣರ ವಸ್ತ್ರಗಳನ್ನು ಮಡಿಮಾಡುವುದನ್ನೇ ತಮ್ಮ ಕಾಯಕವಾಗಿ ಕೈಕೊಂಡರು. ಕಲಿದೇವರದೇವ ಎಂಬ ಅಂಕಿತದಲ್ಲಿ ವಚನಗಳನ್ನು ನುಡಿದರು. ಮಡಿವಾಳನ ಕೆಲಸವು ಮೇಲುನೋಟಕ್ಕೆ ಕೇವಲ ತೋಳ್ಬಲದ ಕೆಲಸವೆಂದು ತೋರುವುದು. ಆದರೆ ಬಟ್ಟೆಯನ್ನು ಬಂಡೆಯ ಮೇಲೆ ಒಗೆಯುವುದಕ್ಕೆ ಮೊದಲು ಅವನು ಮಾಡತಕ್ಕ ಬೇರೊಂದು ಕೆಲಸವುಂಟು. ಬಟ್ಟೆಯನ್ನು ಬೆಳಕಿಗೆ ಹಿಡಿದು, ಇದು ನೂಲಿನ ಸ್ವಂತ ಬಣ್ಣ, ಇದು ಹೊರಗಿನಿಂದ ಹತ್ತಿದ ಕಲೆ ಎಂದು ಅವನು ಬೇರ್ಪಡಿಸಿ ಕಾಣಬೇಕು. ಈ ವಿವೇಕವಿಲ್ಲದವನು ಕಲೆಯನ್ನು ಬಣ್ಣವೆಂದು ಬಗೆದು ಹಾಗೆಯೇ ಉಳಿಸುವನು. ಇಲ್ಲವೆ ಬಣ್ಣವನ್ನೇ ಕಲೆಯೆಂದು ಬಗೆದು ಬಟ್ಟೆಯನ್ನು ಹರಿಯುವನು.

ಇಂತಹ ವಿವೇಕವು ಇಂದು ಬಹಳ ಬೇಕಾಗಿರುವ ಒಂದು ಸ್ಥಳವೆಂದರೆ ಕ್ಯಾನ್ಸರ್ ರೋಗಿಯ ಹಾಸಿಗೆಯ ಬದಿ. ಅಲ್ಲಿ ತನುವಿನ ಬೇನೆಯೂ ಮನದ ಬೇನೆಯೂ ಒಂದರೊಳಗೊಂದು ಸೇರಿಕೊಂಡಿರುತ್ತವೆ. ತನುವಿನ ಬೇನೆಯನ್ನು ಅಳೆಯಲು ರಕ್ತಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನಿಂಗ್ ಮುಂತಾದ ಸಾಧನಗಳುಂಟು. ಗಡ್ಡೆಯ ಗಾತ್ರವನ್ನು ವೈದ್ಯನು ಸೆಂಟಿಮೀಟರಿನ ಲೆಕ್ಕದಲ್ಲಿ ಬರೆದಿಡುವನು. ಆದರೆ ಅದೇ ಮನುಷ್ಯನ ಮನವು ಎಷ್ಟು ಕುಸಿದಿದೆಯೆಂಬುದನ್ನು ಬರೆದಿಡುವವರಾರು? ಅದನ್ನು ಅಳೆಯಲು ಬರುವುದೇ? ಅಳೆದರೆ ಪ್ರಯೋಜನವೇನು? ಈ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸತಕ್ಕದ್ದು.

ಈ ಭಾಗದ ಒಬ್ಬ ಒಕ್ಕಲಿಗನನ್ನು ಮನಸ್ಸಿಗೆ ತಂದುಕೊಳ್ಳಬಹುದು. ಹರೆಯದಿಂದಲೂ ಸುಣ್ಣ ಬೆರೆಸಿದ ತಂಬಾಕನ್ನು ದವಡೆಯಲ್ಲಿಟ್ಟವನು. ಐವತ್ತೈದನೆಯ ವಯಸ್ಸಿಗೆ ಬಾಯಿಯ ಹುಣ್ಣು ಕ್ಯಾನ್ಸರ್ ಎಂದು ತಿಳಿಯಿತು. ಮಗನು ಹೊಲದ ಮೇಲೆ ಸಾಲ ಮಾಡಿ ದೂರದ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದನು. ಶಸ್ತ್ರಕ್ರಿಯೆಯಾಯಿತು, ವಿಕಿರಣ ಚಿಕಿತ್ಸೆಯಾಯಿತು, ಗಾಯ ಮಾಯಿತು. ಮನೆಗೆ ಬಂದವನು ಪಡಸಾಲೆಯ ಮೂಲೆ ಹಿಡಿದನು. ಮೊಮ್ಮಗನು ಬಂದು ತೊಡೆಯೇರಿದರೂ ನಗಲಿಲ್ಲ. ಎತ್ತಿನ ಮೈ ತಡವಲಿಲ್ಲ. ರಾವುತರಾಯನ ಜಾತ್ರೆ ಬಂದರೂ ಹೊಸ್ತಿಲು ದಾಟಲಿಲ್ಲ. ಊಟ ಕೊಟ್ಟರೆ ಎರಡು ತುತ್ತು, ಮಾತನಾಡಿಸಿದರೆ ಒಂದು ಹೂಂಗುಟ್ಟುವಿಕೆ. "ಅವರಿಗಿ ಈಗ ವೈರಾಗ್ಯ ಬಂದದ" ಎಂದು ಹೆಂಡತಿ ಬಂದವರಿಗೆಲ್ಲ ಹೇಳುವಳು. ಬಂದವರೂ ತಲೆದೂಗಿ, ಜೀವ ಪಕ್ವವಾಯಿತು ಎಂದುಕೊಂಡು ಹೋಗುವರು.

ಇಂತಹ ಮನೆಗಳು ಒಂದೆರಡಲ್ಲ. ಅಲ್ಲಿ ಯಾರ ದುರುದ್ದೇಶವೂ ಇರುವುದಿಲ್ಲ. ಇರುವುದು ಹೆಸರಿನ ತಪ್ಪು. ಕಲೆಯನ್ನು ಬಟ್ಟೆಯ ಬಣ್ಣವೆಂದು ಬಗೆದ ತಪ್ಪು ಅದು. ವೈರಾಗ್ಯ ಮತ್ತು ಖಿನ್ನತೆ ಇವೆರಡೂ ಹೊರಗಿನಿಂದ ಮೌನವಾಗಿಯೇ ಕಾಣುತ್ತವೆ. ಆದರೆ ಒಳಗೆ ಅವುಗಳ ನಡೆ ಬೇರೆ. ವೈರಾಗ್ಯವು ಬಿಡುವವನ ಮುಖವನ್ನು ತಿಳಿಗೊಳಿಸುವುದು, ಖಿನ್ನತೆಯು ಮಂಕುಗೊಳಿಸುವುದು. ವೈರಾಗ್ಯವುಳ್ಳವನು ತನ್ನದೆಂಬುದನ್ನು ತಾನೇ ಕೊಟ್ಟಿರುವನು. ಖಿನ್ನನಾದವನಿಂದ ಅದು ಕಸಿಯಲ್ಪಟ್ಟಿರುವುದು. ವಿರಕ್ತನಿಗೆ ಮಗುವಿನ ನಗೆಯಲ್ಲಿ ಆನಂದವುಂಟು, ಅದನ್ನು ಹಿಡಿದಿಡಬೇಕೆಂಬ ಆಸೆಯಿಲ್ಲ. ಖಿನ್ನನಿಗೆ ಆಸೆಯಿದ್ದರೂ ಆನಂದವೇ ಒಳಗಿಳಿಯದು. "ನನ್ನಿಂದ ಮನೆ ಹಾಳಾಯಿತು, ನಾನು ಯಾರಿಗೂ ಬೇಡವಾದೆ" ಎಂಬ ಕೊರಗು ವೈರಾಗ್ಯದ ಮಾತಲ್ಲ. ಅದು ಒಂದು ಬೇನೆಯ ಮಾತು. ಆ ಬೇನೆಗೆ ಔಷಧವುಂಟು.

ಈ ಬೇನೆ ಅಪರೂಪದ್ದೇನೂ ಅಲ್ಲ. ರೋಗಿಗಳೊಡನೆ ಮುಖಾಮುಖಿ ಕುಳಿತು ವಿಚಾರಿಸಿದ ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೧ರಲ್ಲಿ ಲ್ಯಾನ್ಸೆಟ್ ಆಂಕಾಲಜಿ ಎಂಬ ವೈದ್ಯಪತ್ರಿಕೆಯಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. ಅದರ ಪ್ರಕಾರ ಕ್ಯಾನ್ಸರ್ ಪೀಡಿತರಲ್ಲಿ ಸುಮಾರು ಆರು ಜನರಿಗೆ ಒಬ್ಬರಂತೆ ಖಿನ್ನತೆಯುಂಟು. ಇದರಿಂದ ಎರಡು ಸಂಗತಿಗಳು ತಿಳಿದುಬರುತ್ತವೆ. ಕ್ಯಾನ್ಸರ್ ಬಂದವರೆಲ್ಲರೂ ಖಿನ್ನರಾಗುವುದಿಲ್ಲ. ಆದುದರಿಂದ ಆ ರೋಗವಿದ್ದ ಮೇಲೆ ಮನ ಕುಸಿಯುವುದು ಸಹಜವೇ ಅಲ್ಲವೇ ಎಂದು ಕೈಕಟ್ಟಿ ಕೂಡುವಂತಿಲ್ಲ. ಅಂತೆಯೇ, ಆರರಲ್ಲಿ ಒಬ್ಬರೆಂಬುದು ಸಣ್ಣ ಲೆಕ್ಕವೂ ಅಲ್ಲ. ಸ್ಕಾಟ್ಲೆಂಡ್ ದೇಶದಲ್ಲಿ ೨೧,೧೫೧ ಕ್ಯಾನ್ಸರ್ ರೋಗಿಗಳನ್ನು ಪರಿಶೀಲಿಸಿ ೨೦೧೪ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತೀವ್ರ ಖಿನ್ನತೆಯುಳ್ಳವರ ಪೈಕಿ ನೂರಕ್ಕೆ ೭೩ ಜನರಿಗೆ ತಕ್ಕ ಚಿಕಿತ್ಸೆ ದೊರೆಯುತ್ತಿರಲಿಲ್ಲವೆಂದು ಕಂಡುಬಂದಿತು. ಆಸ್ಪತ್ರೆಗಳು ಹೇರಳವಾಗಿರುವ ದೇಶದ ಮಾತೇ ಹೀಗಾದರೆ, ಹಿಪ್ಪರಗಿ ಸೀಮೆಯ ಪಡಸಾಲೆಯ ಮೂಲೆಯಲ್ಲಿ ಕುಳಿತವನ ಪಾಡನ್ನು ಬೇರೆ ಹೇಳಬೇಕಾಗಿಲ್ಲ.

ಹೀಗೆ ಕಣ್ತಪ್ಪಿಹೋಗುವುದಕ್ಕೆ ಕಾರಣವಾದರೂ ಏನು? ಖಿನ್ನತೆಯ ಸಾಮಾನ್ಯ ಲಕ್ಷಣಗಳನ್ನು ಎಣಿಸಿದರೆ ಕಾರಣವು ತಾನಾಗಿಯೇ ಹೊಳೆಯುವುದು. ನಿದ್ರೆ ಬಾರದಿರುವುದು, ಹಸಿವು ಅಡಗುವುದು, ಮೈ ಇಳಿಯುವುದು, ಆಯಾಸ, ಯಾವುದರಲ್ಲಿಯೂ ಚಿತ್ತ ನಿಲ್ಲದಿರುವುದು ಇವೆಲ್ಲ ಖಿನ್ನತೆಯ ಲಕ್ಷಣಗಳು. ಆದರೆ ಕ್ಯಾನ್ಸರ್ ರೋಗವೂ ಅದರ ಉಗ್ರ ಔಷಧಗಳೂ ಇವೇ ಲಕ್ಷಣಗಳನ್ನು ತರುತ್ತವೆ. ಬಾಯಿಗೆ ವಿಕಿರಣ ಬಿದ್ದವನ ನಾಲಗೆಗೆ ರುಚಿಯೇ ತಿಳಿಯದಿದ್ದರೆ ಅವನು ಊಟ ಬಿಡುವುದು ಮನದ ಬೇನೆಯಿಂದಲೋ ತನುವಿನ ಬೇನೆಯಿಂದಲೋ? ಎಲ್ಲವನ್ನೂ ಮನದ ಲೆಕ್ಕಕ್ಕೆ ಬರೆದರೆ ಖಿನ್ನರಲ್ಲದವರೂ ಖಿನ್ನರೆನಿಸುವರು; ಎಲ್ಲವನ್ನೂ ತನುವಿನ ಲೆಕ್ಕಕ್ಕೆ ಬರೆದರೆ ನಿಜವಾಗಿ ಖಿನ್ನನಾದವನು ಯಾರ ಕಣ್ಣಿಗೂ ಬೀಳದೆ ಹೋಗುವನು.

ಜೋಳದ ನಾಡಿನವರಿಗೆ ಇದಕ್ಕೆ ಪರಿಹಾರವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಕಣದಲ್ಲಿ ರಾಶಿಯನ್ನು ತೂರದೆ ಯಾರೂ ಅಳೆಯುವುದಿಲ್ಲ. ಗಾಳಿಗೆ ಹಿಡಿದು ಹೊಟ್ಟನ್ನು ಬೇರ್ಪಡಿಸಿದ ಮೇಲೆಯೇ ಮೊದಲನೆಯ ಅಳತೆಗೆ ಲಾಭವೆಂದು ಕೂಗಿ ಎಣಿಕೆಯನ್ನು ಆರಂಭಿಸುವರು. ೧೯೮೩ರಲ್ಲಿ ಇಂಗ್ಲೆಂಡಿನ ಝಿಗ್‌ಮಂಡ್ ಮತ್ತು ಸ್ನೇತ್ ಎಂಬ ಮನೋವೈದ್ಯರು ಮಾಡಿದುದು ಹೆಚ್ಚುಕಡಿಮೆ ಈ ತೂರುವ ಕೆಲಸವನ್ನೇ. ದೇಹರೋಗದಿಂದ ಆಸ್ಪತ್ರೆಗೆ ಬಂದವರಿಗಾಗಿ ಅವರು ಹದಿನಾಲ್ಕು ಪ್ರಶ್ನೆಗಳ ಒಂದು ಮಾಪಕವನ್ನು ರಚಿಸಿದರು. ಏಳು ಪ್ರಶ್ನೆಗಳು ಆತಂಕವನ್ನು ಕುರಿತವು, ಏಳು ಖಿನ್ನತೆಯನ್ನು ಕುರಿತವು. ನಿದ್ರೆ, ಹಸಿವು, ತೂಕ ಮೊದಲಾದ ದೇಹದ ಚಿಹ್ನೆಗಳನ್ನು ಬುದ್ಧಿಪೂರ್ವಕವಾಗಿ ಬಿಟ್ಟುಬಿಟ್ಟರು. ಹಿಂದೆ ಸಂತೋಷ ಕೊಡುತ್ತಿದ್ದವು ಈಗಲೂ ಕೊಡುತ್ತಿವೆಯೇ, ನಗು ಬರುವುದೇ, ಮುಂದಿನದನ್ನು ಎದುರುನೋಡುವ ಮನಸ್ಸಿದೆಯೇ ಎಂಬಂತಹ ವಿಷಯಗಳನ್ನು ಮುಖ್ಯವಾಗಿಟ್ಟರು. ಪ್ರತಿಯೊಂದು ಉತ್ತರಕ್ಕೆ ೦ ಯಿಂದ ೩ರ ವರೆಗೆ ಅಂಕ. ಖಿನ್ನತೆಯ ಭಾಗದ ಒಟ್ಟು ಅಂಕಗಳು ೨೧. ಅದರಲ್ಲಿ ೮ರಿಂದ ೧೦ ಬಂದರೆ ಸಂಶಯಕ್ಕೆ ಎಡೆ. ೧೧ ಇಲ್ಲವೆ ಹೆಚ್ಚು ಬಂದರೆ ಬೇನೆ ಇರುವ ಸಂಭವ ಬಲವಾದುದು.

ಮರುವರ್ಷ, ೧೯೮೪ರಲ್ಲಿ, ಅಮೆರಿಕೆಯ ವಿದುಷಿ ಜೀನ್ ಎಂಡಿಕಾಟ್ ಅವರು ಇನ್ನೊಂದು ದಾರಿಯನ್ನು ತೋರಿಸಿದರು. ಕ್ಯಾನ್ಸರ್ ರೋಗಿಯಲ್ಲಿ ಸಂಶಯಕ್ಕೆ ಎಡೆಗೊಡುವ ನಾಲ್ಕು ದೇಹಲಕ್ಷಣಗಳನ್ನು ತೆಗೆದು, ಅವುಗಳ ಸ್ಥಾನದಲ್ಲಿ ಬೇರೆ ನಾಲ್ಕನ್ನು ಇಡಬೇಕೆಂದರು. ಅಳುಮುಖ, ಜನರಿಂದ ದೂರವಾಗಿ ಮಾತು ಕಡಿಮೆಯಾಗುವುದು, ತನ್ನಲ್ಲಿಯೇ ಕೊರಗುತ್ತ ನಿರಾಶೆಯನ್ನೇ ಮೆಲುಕುಹಾಕುವುದು, ಎಷ್ಟೇ ಒಳ್ಳೆಯ ಸುದ್ದಿ ಬಂದರೂ ಮನ ಅರಳದಿರುವುದು ಇವೇ ಆ ನಾಲ್ಕು. ಇವುಗಳನ್ನು ಕಾಣಲು ದೊಡ್ಡ ಯಂತ್ರ ಬೇಡ. ಮನೆಯವರ ಕಣ್ಣು ಸಾಕು. ಮೊಮ್ಮಗನು ತೊಡೆಯೇರಿದಾಗಲೂ ಅರಳದ ಮುಖವನ್ನು ಹೆಂಡತಿ ದಿನವೂ ಕಂಡಿದ್ದಳು. ಕಂಡದ್ದಕ್ಕೆ ಸರಿಯಾದ ಹೆಸರು ಮಾತ್ರ ಅವಳಿಗೆ ದೊರೆತಿರಲಿಲ್ಲ.

ಎಲ್ಲ ಮಾಪಕಗಳೂ ಈ ಬಗೆಯವಲ್ಲ. ಇಂದು ಬಹು ಕಡೆ ಬಳಕೆಯಲ್ಲಿರುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ ಎಂಬ ಪಟ್ಟಿಯು ಹಿಂದಿನ ಎರಡು ವಾರಗಳನ್ನು ಕುರಿತು ಕೇಳುವುದು. ಅದರ ಒಟ್ಟು ಅಂಕ ೨೭. ೧೦ ಇಲ್ಲವೆ ಹೆಚ್ಚು ಬಂದರೆ ಮುಂದಿನ ವಿಚಾರಣೆ ಅವಶ್ಯ. ಅದರಲ್ಲಿ ನಿದ್ರೆ, ಆಯಾಸ, ಹಸಿವುಗಳ ಪ್ರಶ್ನೆಗಳೂ ಇರುವುದರಿಂದ ಕ್ಯಾನ್ಸರ್ ರೋಗಿಯ ಅಂಕವನ್ನು ಎಚ್ಚರದಿಂದ ಓದಬೇಕಾಗುವುದು. ಇತ್ತ, ತೂರಿದ ಮಾಪಕದಲ್ಲಿಯೂ ಕೊರತೆಯಿಲ್ಲದಿಲ್ಲ. ಗಾಳಿ ಜೋರಾದರೆ ಹೊಟ್ಟಿನೊಡನೆ ಕೆಲವು ಕಾಳುಗಳೂ ಹಾರಿಹೋಗುವುದುಂಟು. ಇವೆಲ್ಲಕ್ಕಿಂತ ಸರಳವಾದುದು ಸಂಕಟದ ಉಷ್ಣಮಾಪಕವೆಂದು ಕರೆಯಬಹುದಾದ ಒಂದು ಚಿತ್ರ. ೦ ಯಿಂದ ೧೦ರ ವರೆಗೆ ಗುರುತುಮಾಡಿದ ಜ್ವರದ ಕಡ್ಡಿಯ ಚಿತ್ರವನ್ನು ತೋರಿಸಿ, ಈ ವಾರ ಸಂಕಟವು ಎಲ್ಲಿಯವರೆಗೆ ಏರಿತ್ತು ಎಂದು ಕೇಳುವರು. ಸಾಮಾನ್ಯವಾಗಿ ೪ ಇಲ್ಲವೆ ಅದಕ್ಕೆ ಮೇಲೆ ಬೆರಳಿಟ್ಟವನೊಡನೆ ಕುಳಿತು ಮಾತನಾಡಬೇಕು.

ಇಲ್ಲಿ ಶರಣಮಾರ್ಗದ ಒಂದು ಮೂಲತತ್ತ್ವವನ್ನು ನೆನೆಯುವುದು ಉಚಿತ. ಕರದಲ್ಲಿರುವ ಇಷ್ಟಲಿಂಗವು ಕುರುಹು. ಅದರಿಂದ ತಲುಪಬೇಕಾದುದು ಅರಿವು. ಕುರುಹಿಲ್ಲದೆ ಅರಿವಿಗೆ ದಾರಿ ತೋರದು. ಅರಿವಿಗೆ ಏರದೆ ಕುರುಹಿನಲ್ಲಿಯೇ ನಿಂತರೆ ಸಾಧನೆ ಬರಿದಾಗುವುದು. ಈ ವಿವೇಕವು ಮಾಪಕಕ್ಕೂ ಸಲ್ಲುವುದು. ಹನ್ನೊಂದೆಂಬ ಅಂಕವು ಒಂದು ಕುರುಹು. ಅದೇ ರೋಗನಿರ್ಣಯವಲ್ಲ, ಅದೇ ಮನುಷ್ಯನೂ ಅಲ್ಲ. ಈ ಕುರುಹು ಕಂಡ ಮೇಲೆ ಹತ್ತಿರ ಕುಳಿತು, ಎಂದಿನಿಂದ ಹೀಗಾಯಿತು, ಯಾವುದು ಹೆಚ್ಚು ನೋಯಿಸುತ್ತದೆ ಎಂದು ಕೇಳಿ ತಿಳಿಯುವುದೇ ಅರಿವು. ಕಾಗದದ ಮೇಲೆ ಅಂಕ ಬರೆದು ಕಡತ ಮುಚ್ಚುವವನು ಕುರುಹಿನಲ್ಲಿ ನಿಂತವನು. ನನಗೆ ಅಳತೆ ಬೇಡ, ಮುಖ ನೋಡಿದರೆ ಎಲ್ಲ ತಿಳಿಯುವುದು ಎನ್ನುವವನು ಕುರುಹನ್ನು ಧಿಕ್ಕರಿಸಿದವನು. ಮೊದಲನೆಯವನ ಕೈಗೆ ಸಿಕ್ಕ ರೋಗಿಯು ಲೆಕ್ಕವಾಗುವನು; ಎರಡನೆಯವನ ಕೈಗೆ ಸಿಕ್ಕವನು ಮರೆಯಾಗುವನು.

ಕುರುಹು ನಿಜವಾಗಬೇಕಾದರೆ ಅದು ಕೇಳಿಸಿಕೊಳ್ಳುವವನ ನುಡಿಯಲ್ಲಿರಬೇಕು. ವಚನಕಾರರು ಪರತತ್ತ್ವವನ್ನು ಜನದ ಕನ್ನಡದಲ್ಲಿ ನುಡಿದುದರ ಮಹತ್ತ್ವವು ಇಂತಹ ಸ್ಥಳದಲ್ಲಿ ಮತ್ತೆ ಮನದಟ್ಟಾಗುವುದು. ಕರ್ನಾಟಕದಲ್ಲಿ ಈ ಕಾರ್ಯವು ನಡೆಯದೆ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಸಂತೋಷ ಚತುರ್ವೇದಿ ಮತ್ತು ಸಂಗಡಿಗರು ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ ಕ್ಯಾನ್ಸರ್ ರೋಗಿಗಳ ಆತಂಕ ಮತ್ತು ಖಿನ್ನತೆಗಳನ್ನು ಅಳೆದು, ೧೯೯೬ರಲ್ಲಿ ಸೈಕೋ-ಆಂಕಾಲಜಿ ಪತ್ರಿಕೆಯಲ್ಲಿ ಪ್ರಕಟಿಸಿದರು. ಆದರೆ ಇಂಗ್ಲಿಷಿನ ಪ್ರಶ್ನೆಯನ್ನು ಪದಕ್ಕೆ ಪದವಿಟ್ಟು ಕನ್ನಡಿಸಿದರೆ ಸಾಲದು. ಮೇಲೆ ಹೇಳಿದ ಹದಿನಾಲ್ಕು ಪ್ರಶ್ನೆಗಳಲ್ಲಿ ಭಯವನ್ನು ಸೂಚಿಸಲು ಹೊಟ್ಟೆಯಲ್ಲಿ ಚಿಟ್ಟೆಗಳಾಡುವ ಆ ಭಾಷೆಯ ನುಡಿಗಟ್ಟೊಂದು ಬರುವುದು. ಅದನ್ನು ಹಾಗೆಯೇ ಕೇಳಿದರೆ ಹಿಪ್ಪರಗಿಯ ಮುದುಕಿಯು ತನ್ನ ಹೊಟ್ಟೆಯಲ್ಲಿ ಹುಳುವಾಗಿದೆಯೆಂದು ಗಾಬರಿಗೊಂಡಾಳು. ಎದೆ ಝಲ್ಲೆನ್ನುವುದೇ ಎಂದು ಕೇಳಿದರೆ ಒಡನೆಯೇ ತಿಳಿಯುವಳು. ಖಿನ್ನತೆ ಎಂಬುದು ಪುಸ್ತಕದ ಪದ. ಈ ಸೀಮೆಯವರು "ಜೀವಕ್ಕ ಬ್ಯಾಸರ ಆಗ್ಯಾದ" ಎನ್ನುವರು. "ಎದಿ ಭಾರ ಆಗ್ಯಾದ" ಎನ್ನುವರು. "ಯಾತರ ಮ್ಯಾಲೂ ಮನಸ್ಸಿಲ್ಲ" ಎನ್ನುವರು. ಈ ಮಾತುಗಳನ್ನು ಅರಿಯದ ಮಾಪಕವು ಎಷ್ಟೇ ಶಾಸ್ತ್ರೀಯವಾದರೂ ಇಲ್ಲಿಯ ಕಣಕ್ಕೆ ಹೊಂದದ ಸೇರು.

ಕೇಳುವ ಬಗೆಯೂ ಅಷ್ಟೇ ಮುಖ್ಯವಾದುದು. ಕೆನಡಾ ದೇಶದ ಡಾ. ಹಾರ್ವೆ ಚೊಚಿನೊವ್ ಮತ್ತು ಸಂಗಡಿಗರು ಮರಣ ಸಮೀಪಿಸಿದ ೧೯೭ ರೋಗಿಗಳಲ್ಲಿ ಬೇರೆ ಬೇರೆ ವಿಧದ ಪರೀಕ್ಷೆಗಳನ್ನು ಹೋಲಿಸಿ ನೋಡಿ ೧೯೯೭ರಲ್ಲಿ ವರದಿ ಮಾಡಿದರು. ಮನ ಕುಸಿದಿದೆಯೇ ಎಂದು ನೇರವಾಗಿ ಕೇಳುವ ಒಂದೇ ಪ್ರಶ್ನೆಯು ಅವರ ಅಧ್ಯಯನದಲ್ಲಿ ಉದ್ದವಾದ ಪ್ರಶ್ನಾವಳಿಗಿಂತ ಉತ್ತಮವಾಗಿ ಕೆಲಸ ಮಾಡಿತು. ಆ ಬಳಿಕ ಬೇರೆ ಕಡೆಗಳಲ್ಲಿ ಒಂದೇ ಪ್ರಶ್ನೆಯು ಯಾವಾಗಲೂ ಸಾಲದೆಂಬುದೂ ಕಂಡುಬಂದಿದೆ. ಆದರೂ ಇದರ ಸಾರವನ್ನು ಮರೆಯಲಾಗದು: ರೋಗಿಯು ಹೇಳಲು ಒಲ್ಲದೆ ಸುಮ್ಮನಿರುವುದಕ್ಕಿಂತ, ಯಾರೂ ಕೇಳದುದರಿಂದ ಸುಮ್ಮನಿರುವುದೇ ಹೆಚ್ಚು. ಮನೆಯವರು ರೋಗದ ಹೆಸರನ್ನೇ ಅವನಿಂದ ಮುಚ್ಚಿಡುವರು. ಅವನು ತನ್ನ ಭಯವನ್ನು ಅವರಿಂದ ಮುಚ್ಚಿಡುವನು. ಇಬ್ಬರ ಪ್ರೀತಿಯೂ ನಡುವೆ ಗೋಡೆಯಾಗಿ ನಿಲ್ಲುವುದು. ಬಂದವರೆಲ್ಲರ ಎದುರಿನಲ್ಲಿ ಅಲ್ಲ, ಇಬ್ಬರೇ ಇರುವ ಹೊತ್ತಿನಲ್ಲಿ ಮಗನು ಬದಿಯಲ್ಲಿ ಕುಳಿತು, "ಯಪ್ಪಾ, ನಿನ್ನ ಜೀವಕ್ಕ ಹ್ಯಾಂಗನಸ್ತದ?" ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿದ್ದರೆ ಆ ಗೋಡೆಯಲ್ಲಿ ಒಂದು ಕಿಂಡಿ ತೆರೆಯುವುದು. ಧೈರ್ಯವಾಗಿರು, ದೇವರಿದ್ದಾನೆ ಎಂದು ಒಡನೆಯೇ ಸಮಾಧಾನ ಹೇಳುವುದು ಎಷ್ಟೋ ಸಲ ಕೇಳುವವನ ಅಂಜಿಕೆಯೇ ಹೊರತು ಹೇಳುವವನಿಗೆ ಔಷಧವಲ್ಲ.

ಇನ್ನೊಂದು ಮಾತನ್ನು ಹಿಂಜರಿಯದೆ ಹೇಳಬೇಕಾಗಿದೆ. ಮರಣವನ್ನು ಕುರಿತು ಚಿಂತಿಸುವುದು ಇಂತಹ ರೋಗಿಗೆ ಅಸಹಜವಲ್ಲ. ಶಿವನು ಕರೆದಾಗ ಹೋಗಲು ಸಿದ್ಧನೆಂಬ ಮಾತು ಬೇರೆ. ತನ್ನ ಕೈಯಿಂದಲೇ ಜೀವ ಕಳೆದುಕೊಳ್ಳುವ ಯೋಚನೆ ಬೇರೆ. ಎರಡನೆಯದರ ಸುಳಿವು ಕಂಡರೆ ಅದನ್ನು ಮೃದುವಾಗಿ, ಆದರೆ ನೇರವಾಗಿ ಕೇಳಬೇಕು. ಕೇಳಿದುದರಿಂದ ಇಲ್ಲದ ಯೋಚನೆ ಹುಟ್ಟುವುದೆಂಬ ಭಯಕ್ಕೆ ಆಧಾರವಿಲ್ಲವೆಂದು ಮನೋವೈದ್ಯರು ಹೇಳುವರು. ಬಚ್ಚಿಟ್ಟ ಭಾರವನ್ನು ಇಳಿಸಲು ಒಂದು ಹೆಗಲು ಸಿಕ್ಕಿತೆಂಬ ನೆಮ್ಮದಿಯೇ ಅನೇಕರಿಗಾಗುವುದು. ಅಂತಹವನನ್ನು ಒಬ್ಬನನ್ನೇ ಬಿಡದೆ ವೈದ್ಯರಲ್ಲಿಗೆ ಕೂಡಲೇ ಕರೆದೊಯ್ಯತಕ್ಕದ್ದು.

ಅಳೆದ ಮೇಲೆ ಏನು? ಅಳೆದು ಸುಮ್ಮನಾಗುವುದಾದರೆ ಅಳೆಯದಿರುವುದೇ ಲೇಸು. ಆದರೆ ಅಳತೆಯ ಹಿಂದೆ ಆರೈಕೆ ಬಂದರೆ ಫಲವುಂಟೆಂಬುದಕ್ಕೆ ಗಟ್ಟಿಯಾದ ಸಾಕ್ಷ್ಯವಿದೆ. ಸ್ಕಾಟ್ಲೆಂಡಿನಲ್ಲಿ ಕ್ಯಾನ್ಸರ್ ಜೊತೆಗೆ ತೀವ್ರ ಖಿನ್ನತೆಯುಳ್ಳ ೫೦೦ ಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ವಾಡಿಕೆಯ ಚಿಕಿತ್ಸೆ. ಇನ್ನೊಂದಕ್ಕೆ ಶಿಕ್ಷಣ ಪಡೆದ ದಾದಿಯರ ಮಾತಿನ ಆರೈಕೆ, ಮನೋವೈದ್ಯರ ಮೇಲ್ವಿಚಾರಣೆ, ಬೇಕಾದಲ್ಲಿ ಔಷಧ. ೨೪ ವಾರಗಳಾದ ಮೇಲೆ ಎರಡನೆಯ ಗುಂಪಿನಲ್ಲಿ ನೂರಕ್ಕೆ ೬೨ ಜನರ ಬೇನೆ ಅರ್ಧಕ್ಕಿಂತ ಕಡಿಮೆಗಿಳಿಯಿತು. ಮೊದಲನೆಯ ಗುಂಪಿನಲ್ಲಿ ಅಂತಹವರು ೧೭ ಮಾತ್ರ. ಇದು ೨೦೧೪ರಲ್ಲಿ ಪ್ರಕಟವಾದ ಫಲಿತಾಂಶ. ಗಡ್ಡೆ ಕರಗದಿದ್ದರೂ ಮನದ ಕತ್ತಲೆ ಕರಗಬಹುದೆಂಬುದು ಇದರ ತಾತ್ಪರ್ಯ.

ಕನ್ನಡ ನಾಡಿನಲ್ಲಿ ಈ ದಾರಿಗೆ ಹಳೆಯ ಹೆಜ್ಜೆಗಳುಂಟು. ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಕ್ಕೇ ತಲುಪಿಸುವ ಪ್ರಯೋಗವು ೧೯೮೫ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮೂಲಕ ಆರಂಭವಾಯಿತು. ಅದನ್ನೇ ಮಾದರಿಯಾಗಿಟ್ಟುಕೊಂಡು ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಹುಟ್ಟಿತು. ಬೆಂಗಳೂರಿನ ಕರುಣಾಶ್ರಯವು ವಾಸಿಯಾಗದ ಹಂತಕ್ಕೆ ಬಂದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ಉಪಚರಿಸುತ್ತಿದೆ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ ೧೪೪೧೬ ಸಂಖ್ಯೆಗೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಹಗಲಿರುಳು ಸಲಹೆ ದೊರೆಯುವುದು. ಊರಿನ ಆಶಾ ಕಾರ್ಯಕರ್ತೆಯು ಮಾತ್ರೆ ವಿಚಾರಿಸಲು ಬಂದಾಗ ಮನಸ್ಸನ್ನೂ ವಿಚಾರಿಸಿದರೆ ಅರ್ಧ ದಾರಿ ಸವೆದಂತೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬವರಿದ್ದರು. ಮದ್ದು ಕೊಡುವುದೇ ಅವರ ಕಾಯಕ. ರೋಗ ಔಷಧಗಳ ಪರಿಭಾಷೆಯಲ್ಲಿಯೇ ಅವರು ತತ್ತ್ವವನ್ನು ನುಡಿದರು. ವೈದ್ಯವು ಶರಣಮಾರ್ಗಕ್ಕೆ ಹೊರಗಿನದಲ್ಲ ಎಂಬುದಕ್ಕೆ ಅವರೇ ನಿದರ್ಶನ. ಆದುದರಿಂದ ಮನದ ಬೇನೆಗೆ ಮದ್ದು ತೆಗೆದುಕೊಳ್ಳುವುದು ಭಕ್ತಿಯ ಕೊರತೆಯೆಂದು ಯಾರೂ ಬಗೆಯಬಾರದು. ಖಿನ್ನನಾದವನಿಗೆ ಲಿಂಗಪೂಜೆಯಲ್ಲಿ ಮನ ನಿಲ್ಲದಿದ್ದರೆ ಅದು ಶ್ರದ್ಧೆ ಸತ್ತುದರ ಗುರುತಲ್ಲ. ಗಾಳಿಗೆ ಸಿಕ್ಕ ದೀಪಕ್ಕೆ ಮರೆ ಬೇಕೆಂಬುದರ ಗುರುತು. ಪೂರ್ವಕರ್ಮದ ಫಲವೆಂದು ಅವನ ಎದುರಿನಲ್ಲಿ ನುಡಿಯುವವರು ಅವನ ಭಾರದ ಮೇಲೆ ಇನ್ನೊಂದು ಕಲ್ಲನ್ನು ಹೇರುವರು.

ಉಪಚರಿಸುವವರಿಗೂ ಮಾಚಿದೇವರ ಚರಿತ್ರೆಯಲ್ಲಿ ಒಂದು ಪಾಠವುಂಟು. ದಾಸೋಹದ ಮಹಾಮನೆಯನ್ನು ನಡೆಸಿದ ಬಸವಣ್ಣನವರಲ್ಲಿ ನೀಡುವವನು ತಾನೆಂಬ ಭಾವದ ಸುಳಿವನ್ನು ಕಂಡು ಮಾಚಿದೇವರು ಎಚ್ಚರಿಸಿದರೆಂದೂ, ಬಸವಣ್ಣನವರು ಅದನ್ನು ವಿನಯದಿಂದ ಒಪ್ಪಿಕೊಂಡರೆಂದೂ ಪುರಾಣಗಳು ಹೇಳುತ್ತವೆ. ರೋಗಿಯ ಆರೈಕೆ ಮಾಡುವವರಲ್ಲಿ ಇಂತಹ ಭಾವ ಮೊಳೆತರೆ, ಹಾಸಿಗೆಯಲ್ಲಿರುವವನು ತಾನು ಋಣವೆಂದು ಕುಗ್ಗುವನು. ಅವನಿಂದಲೂ ಪಡೆಯತಕ್ಕುದು ಇದೆಯೆಂದು ಮನೆಯವರು ತೋರಿಸಬೇಕು. ಯಾವ ಹೊಲಕ್ಕೆ ಯಾವ ಬೀಜವೆಂದು ಕೇಳಲಿ. ಮೊಮ್ಮಗನಿಗೆ ಅಕ್ಷರ ತಿದ್ದಿಸಲು ಹೇಳಲಿ. ಕೈಲಾಗುವಷ್ಟು ಕಾಯಕವು ಕೈಗೆ ಮರಳಿದರೆ ಬದುಕಿನ ಬೆಲೆಯೂ ಮರಳುವುದು.

ಮಡಿವಾಳನು ಕಲೆಯನ್ನು ಕಂಡು ಬಟ್ಟೆಯನ್ನು ಹಳಿಯಲಿಲ್ಲ. ಬಟ್ಟೆಯನ್ನು ಉಳಿಸುವುದಕ್ಕಾಗಿಯೇ ಕಲೆಯನ್ನು ಹುಡುಕಿದನು. ಮನದ ಅಳತೆಯ ಉದ್ದೇಶವೂ ಇಷ್ಟೇ. ಪಡಸಾಲೆಯ ಮೂಲೆಯಲ್ಲಿ ಮೌನವಾಗಿ ಕುಳಿತಿರುವ ಜೀವವೊಂದು ಪ್ರತಿ ಊರಿನಲ್ಲಿಯೂ ಇರಬಹುದು. ಅದು ವೈರಾಗ್ಯವೋ ಬೇನೆಯೋ ಎಂದು ದೂರದಿಂದ ತೀರ್ಮಾನಿಸದೆ, ಇಂದೇ ಹತ್ತಿರ ಹೋಗಿ ಕುಳಿತು ಕೇಳುವುದು ನಿಜವಾದ ಜಂಗಮಸೇವೆ.